ಹೊಸ್ತಿಲ ಕೂಗು ಮತ್ತು ಹಾಲೇಶಿಯ ಇಮೇಲ್

ನಾನೂ ಇರುವ, ಕೊಟ್ಟೂರಿನ ನಮ್ಮಕ್ಕನ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಕರೆಗಂಟೆಯಿದೆ. ಒತ್ತಿದರೆ ಕೋಗಿಲೆಯಂತೆ ಕೂಗಬೇಕೆಂಬುದು ಅದನ್ನು ತಯಾರಿಸಿದವರ ಆಶಯವಾಗಿದ್ದಿರಬೇಕು. ನಮ್ಮೂರ ಬಿಸಿಲಿಗೆ ಗಂಟಲು ಕಟ್ಟಿ, ಈಗ ಅದರಿಂದ ಯಾವ ಪಕ್ಷಿಶಾಸ್ತ್ರಕ್ಕೂ ಸೇರದ ಒಂದು ಸ್ವರ ಹೊರಡುತ್ತದೆ. ಇದರಿಂದ ಯಾರಿಗೂ ತೊಂದರೆಯಾಗಿಲ್ಲ, ಏಕೆಂದರೆ ಅದನ್ನು ಒತ್ತುವವರೇ ಇಲ್ಲ. ನಮ್ಮ ಓಣಿಯಲ್ಲಿ ಬೆಳಿಗ್ಗೆ ತೆರೆದ ಬಾಗಿಲನ್ನು ದೀಪ ಹಚ್ಚುವವರೆಗೆ ಯಾರೂ ಹಾಕುವುದಿಲ್ಲ. ಬಾಗಿಲಿಗೊಂದು ಪರದೆ ತೂಗುತ್ತಿರುತ್ತದೆ. ಬಂದವರು ಚಪ್ಪಲಿ ಬಿಟ್ಟು, ಹೊಸ್ತಿಲಾಚೆ ನಿಂತು, ಪರದೆಯನ್ನು ಬೆರಳಿನಿಂದಲೂ ಮುಟ್ಟದೆ ಒಂದು ಕೂಗು ಹಾಕುತ್ತಾರೆ. ಒಳಗಿನಿಂದ ‘ಬರ್ರಿ’ ಎಂಬ ಮಾತು ಬರುವ ತನಕ ಅಲ್ಲೇ ನಿಲ್ಲುತ್ತಾರೆ.

ನನಗೆ ಎಲ್ಲವನ್ನೂ ಬರೆದಿಡುವ, ಬರೆದದ್ದನ್ನು ವಿಂಗಡಿಸುವ ಚಟ. ಶಾಲೆಯಲ್ಲಿದ್ದಾಗ ಇದನ್ನು ಶಿಸ್ತು ಎಂದು ಹೊಗಳುತ್ತಿದ್ದರು. ಈಗ ಮನೆಯವರು ಇದಕ್ಕೆ ಬೇರೆ ಹೆಸರಿಟ್ಟಿದ್ದಾರೆ. ಹೀಗಾಗಿ ನನ್ನ ಡೈರಿಯಲ್ಲಿ, ತಾರೀಕು ಸಮೇತ, ಹೊಸ್ತಿಲ ಕೂಗುಗಳ ಒಂದು ವರ್ಗೀಕರಣವೇ ಇದೆ. ಕೆಮ್ಮಿ ಸುಮ್ಮನಾಗುವವರು ಒಂದು ವರ್ಗ. ಇವರು ಬಹುತೇಕ ಗಂಡಸರು, ಅದರಲ್ಲೂ ಕೈಗಡ ಕೇಳಲು ಬಂದವರು. ‘ಅಡಿಗಿ ಆತೇನ್ರಿ?’ ಎಂದು ಉತ್ತರ ಬೇಕಿಲ್ಲದ ಪ್ರಶ್ನೆ ಎಸೆಯುವವರು ಇನ್ನೊಂದು. ತೀರಿಹೋಗಿ ಎಷ್ಟೋ ವರ್ಷವಾದ ನಮ್ಮಕ್ಕನ ಅತ್ತೆಯ ಹೆಸರನ್ನೇ ಇನ್ನೂ ಕೂಗುವ ಮುದುಕಿಯರದು ಮೂರನೆಯ, ತುಸು ಅಲೌಕಿಕವಾದ ವರ್ಗ. ಅದಕ್ಕೂ ಒಳಗಿನಿಂದ ‘ಬರ್ರಿ’ ಎಂದೇ ಉತ್ತರ ಹೋಗುತ್ತದೆ. ಹೂವಿನ ಬುಟ್ಟಿ ಹೊತ್ತ ಹಡಗಲಿಯ ಹೆಂಗಸು ಕೂಗುವುದೇ ಇಲ್ಲ. ಮಲ್ಲಿಗೆಯ ವಾಸನೆಯೇ ಅವಳಿಗಿಂತ ಮೊದಲು ಹೊಸ್ತಿಲಿಗೆ ಬಂದು ನಿಂತಿರುತ್ತದೆ.

ಆದರೆ ಈ ಶಾಸ್ತ್ರದಲ್ಲಿ ಮುಖ್ಯವಾದದ್ದು ಕೂಗಲ್ಲ, ಕೂಗಿಗೂ ‘ಬರ್ರಿ’ಗೂ ನಡುವಿನ ಸಣ್ಣ ಬಿಡುವು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಆ ಬಿಡುವಿನಲ್ಲಿ ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾಳೆ. ಭಾವ ಬನಿಯನ್ನಿನ ಮೇಲೆ ಅಂಗಿ ಏರಿಸುತ್ತಾರೆ. ಅವರಿಬ್ಬರ ನಡುವೆ ನಡೆಯುತ್ತಿದ್ದ ಜಗಳ, ಮಂಚದ ಮೇಲಿನ ಒಗೆದ ಬಟ್ಟೆಯ ರಾಶಿಯ ಜೊತೆಗೇ, ಒಳಕೋಣೆಗೆ ಹೋಗುತ್ತದೆ. ಅತ್ತಿದ್ದವರು ಕಣ್ಣೊರೆಸಿಕೊಳ್ಳುತ್ತಾರೆ. ಇದರಲ್ಲಿ ಅಪರಾಧ ಯಾವುದೂ ಇಲ್ಲ. ಬಂದವರಿಗೆ ಇದೆಲ್ಲ ಗೊತ್ತಿಲ್ಲವೆಂದೂ ಅಲ್ಲ. ಗೊತ್ತಿದ್ದೇ ಅವರು ಹೊರಗೆ ನಿಂತಿರುತ್ತಾರೆ. ಹಾಗೆ ನಿಲ್ಲುವುದೇ ನಮ್ಮ ಕಡೆಯ ಮರ್ಯಾದೆ.

ಓದುಗರೇ, ಇಷ್ಟು ಸಣ್ಣ ವಿಷಯಕ್ಕೆ ಇಷ್ಟುದ್ದದ ಪೀಠಿಕೆಯೇ ಎಂದು ಕೇಳಬೇಡಿ. ನಮ್ಮ ಭಾವ ಒಂದು ಇಮೇಲ್ ಬರೆದರು. ಮೂರು ಪುಟ್ಟ ವಾಕ್ಯಗಳ ಆ ಇಮೇಲಿನಿಂದ ಈಗ ಅವರ ನೌಕರಿ ತೂಗುಯ್ಯಾಲೆಯಲ್ಲಿದೆ. ಅದನ್ನು ಓದಿದವರು ಮಾತ್ರ ಹೊಸ್ತಿಲಲ್ಲಿ ನಿಂತು ಕೂಗಲಿಲ್ಲ. ಅದಕ್ಕಾಗಿ ಈ ಪೀಠಿಕೆ.

ಭಾವನನ್ನು ಇಲ್ಲಿ ಕೊಟ್ರೇಶಪ್ಪ ಎಂದು ಕರೆಯುತ್ತೇನೆ. ನಮ್ಮೂರಲ್ಲಿ ಒಂದು ಕಲ್ಲೆಸೆದರೆ ನಾಲ್ಕು ಕೊಟ್ರೇಶಪ್ಪರಿಗೆ ತಾಗುತ್ತದೆ, ಹಾಗಾಗಿ ಈ ಹೆಸರಿನಿಂದ ಯಾರೂ ಅವರನ್ನು ಗುರುತಿಸಲಾರರು. ಉಳಿದ ಹೆಸರುಗಳನ್ನೂ ಬದಲಿಸಿದ್ದೇನೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳಲ್ಲಿ ಯಾವುದೋ ಒಂದರ ಭೂಮಾಪನ ವಿಭಾಗದಲ್ಲಿ ಅವರು ನಕಾಶೆಗಳ ಗುಮಾಸ್ತ. ಮಾತು ಕಡಿಮೆ. ಇದ್ದ ಮಾತಿನಲ್ಲಿ ಅರ್ಧವನ್ನು ನನ್ನನ್ನು ರೇಗಿಸಲು ಖರ್ಚು ಮಾಡುತ್ತಾರೆ. ನಾನು ಕಾನೂನು ಓದಿ, ಕೂಡ್ಲಿಗಿಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿ, ಹೊಸ ಕರಿ ಕೋಟಿನಲ್ಲಿ ಬಸ್ಸಿನ ಕಂಬಿ ಹಿಡಿದು ದಿನವೂ ಹೋಗಿಬರುವುದು ಅವರಿಗೆ ಒಂದು ವಿನೋದ. ಸಂಜೆ ನಾನು ಬಂದ ಕೂಡಲೇ, ‘ಏನ್ ವಕೀಲವ್ವಾ, ಇವತ್ತೆಷ್ಟು ಮಂದೀನ್ನ ಬಿಡಿಸಿದಿ?’ ಎಂದು ಕೇಳುತ್ತಿದ್ದರು. ನಾನು ಆವತ್ತು ಬಿಡಿಸಿದ್ದು ಬಹುಶಃ ಬಟಾಣಿಯನ್ನು ಮಾತ್ರ, ಅದೂ ಹಿರಿಯರ ಮನೆಯಲ್ಲಿ.

ಈಗ ಹಾಲೇಶಿಯ ಅಂಗಡಿ. ಹಾಲೇಶಿ ಹರಪನಹಳ್ಳಿ ಕಡೆಯವನು. ಕೊಟ್ಟೂರಿಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅಂಗಡಿ ಇಟ್ಟು ಬಹಳ ಕಾಲವಾಯಿತು. ಪಹಣಿ, ಜಾತಿ ಪ್ರಮಾಣಪತ್ರ, ಹಾಲ್ ಟಿಕೆಟ್, ಪಿಂಚಣಿ ಅರ್ಜಿ, ಎಲ್ಲಕ್ಕೂ ಅವನೇ. ಈ ಎಲ್ಲ ಅರ್ಜಿಗಳಲ್ಲೂ ‘ಇಮೇಲ್ ವಿಳಾಸ’ ಎಂಬ ಒಂದು ಖಾನೆ ಇರುತ್ತದೆ; ಅದನ್ನು ತುಂಬದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಹೊಲದಿಂದ ನೇರ ಬಂದವರಿಗೆ ಇಮೇಲ್ ಎಲ್ಲಿಂದ ತರುವುದು? ಮೊದಮೊದಲು ಹಾಲೇಶಿ ಒಬ್ಬೊಬ್ಬರಿಗೂ ಒಂದೊಂದು ತೆರೆದುಕೊಟ್ಟ. ಅವರು ಪಾಸ್‌ವರ್ಡ್ ಬರೆದ ಚೀಟಿಯನ್ನು ಅಂಗಿಯ ಜೊತೆ ಒಗೆದು ಹಾಕಿದರು, ಸಿಮ್ ಬದಲಿಸಿದರು, ಮತ್ತೆ ಬಂದು ಅವನ ಮುಂದೆಯೇ ನಿಂತರು. ಕೊನೆಗೆ ಅವನು ಎಲ್ಲರ ಅರ್ಜಿಯಲ್ಲೂ ತನ್ನ ಅಂಗಡಿಯ ಇಮೇಲನ್ನೇ ಹಾಕತೊಡಗಿದ.

ಇದನ್ನು ಕೇಳಿ ನಗಬೇಡಿ. ನಮ್ಮಜ್ಜನ ಕಾಲದಲ್ಲಿ ಹಳ್ಳಿಗೆ ಬರುವ ಪತ್ರಗಳ ಮೇಲೆ ಯಾರ ಹೆಸರಿದ್ದರೂ, ಅದರ ಕೆಳಗೆ ಕೇರಾಫ್ ಎಂದು ಬರೆದು ಪೇಟೆಯ ಒಂದು ಕಿರಾಣಿ ಅಂಗಡಿಯ ಹೆಸರು ಇರುತ್ತಿತ್ತಂತೆ. ಅಂಗಡಿಯವನು ಆ ಪತ್ರಗಳನ್ನು ಬೆಲ್ಲದ ಪೆಂಟೆಗಳ ಮೇಲಿನ ತಂತಿಗೆ ಚುಚ್ಚಿಡುತ್ತಿದ್ದ. ಸಂತೆಗೆ ಬಂದವರು ತಮ್ಮದನ್ನು ಬಿಡಿಸಿಕೊಂಡು ಹೋಗುತ್ತಿದ್ದರು. ಹಾಲೇಶಿ ಮಾಡಿದ್ದು ಅದನ್ನೇ. ಅವನ ಅಂಚೆಪೆಟ್ಟಿಗೆಯಲ್ಲಿ ಚಿಗಟೇರಿ, ಹಂಪಸಾಗರ ಎಂದು ಊರಿಗೊಂದು ಖಾನೆಯಿತ್ತು. ಯಾರಿಗಾದರೂ ಪತ್ರ ಬಂದರೆ ಫೋನ್ ಮಾಡಿ, ‘ನಿಮ್ದೊಂದು ಬಂದೈತಿ, ಸಂತಿಗೆ ಬಂದಾಗ ಬಂದ್ಹೋಗ್ರಿ’ ಎನ್ನುತ್ತಿದ್ದ. ಹೀಗೆ ಕೆಲಸ ಸಿಕ್ಕ ಸುದ್ದಿ, ಸಿಗದ ಸುದ್ದಿ, ವಧೂವರರ ವಿವರ, ರಕ್ತಪರೀಕ್ಷೆಯ ವರದಿ, ಗಂಡನ ಮೇಲಿನ ದೂರು, ಎಲ್ಲವೂ ಆ ಒಂದೇ ಪೆಟ್ಟಿಗೆಯಲ್ಲಿ ಸಂತೆಯ ದಿನದ ಬಸ್ಸಿನಂತೆ ಒತ್ತೊತ್ತಾಗಿ ಕೂತಿದ್ದವು. ಕಾನೂನು ಪದವೀಧರೆಯಾದ ನಾನೂ ಒಂದು ಪರೀಕ್ಷೆಗೆ ಅದೇ ವಿಳಾಸ ಕೊಟ್ಟಿದ್ದೆ; ನೆಟ್‌ವರ್ಕ್ ಇರಲಿಲ್ಲ, ಅವಸರವಿತ್ತು. ಹಾಲೇಶಿ ಒಬ್ಬರ ಪತ್ರವನ್ನು ಇನ್ನೊಬ್ಬರಿಗೆ ಕೊಟ್ಟ ಉದಾಹರಣೆ ಇಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಿದ್ದೂ ಇಲ್ಲ.

ಕೂಡ್ಲಿಗಿ ಕಡೆಯ ಒಂದು ಹಳ್ಳಿಯ ಕುರಿಗಾಹಿ ಬೀರಪ್ಪಜ್ಜ ಭಾವನ ಕಚೇರಿಗೆ ಅಲೆಯತೊಡಗಿದ್ದು ಈ ಕಾಲದಲ್ಲೇ. ಅವರೂರ ಗುಡ್ಡದ ಕೆಳಗಿನ ಹುಲ್ಲುಗಾವಲಿನಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸುವ ಮಾತು ನಡೆದಿತ್ತು. ಅದಕ್ಕಾಗಿ ಬರೆದ ಹೊಸ ನಕಾಶೆಯಲ್ಲಿ ಕುರಿಗಳು ನೀರು ಕುಡಿಯುವ ಕಟ್ಟೆಯೇ ಇರಲಿಲ್ಲ. ಕಟ್ಟೆ ಇರುವುದು ಅಜ್ಜನಿಗೆ ಗೊತ್ತು, ಅವನ ಕುರಿಗಳಿಗೆ ಗೊತ್ತು. ಆದರೆ ಆಕ್ಷೇಪಣೆ ಸಲ್ಲಿಸಲು ಕಾಗದಕ್ಕೆ ಗೊತ್ತಿರಬೇಕಾಗುತ್ತದೆ. ಹಳೆಯ ನಕಾಶೆಯ ನಕಲು ಬೇಕೆಂದು ಅಜ್ಜ ಬಂದಾಗಲೆಲ್ಲ ಸಾಹೇಬರು ಇರಲಿಲ್ಲ, ಅಥವಾ ಇದ್ದೂ ಇರಲಿಲ್ಲ. ಅದು ಗುಟ್ಟಿನ ಕಾಗದವೇನಲ್ಲ. ಅರ್ಜಿ ಕೊಟ್ಟು, ಶುಲ್ಕ ಕಟ್ಟಿದ ಯಾರಿಗಾದರೂ ಕೊಡಬೇಕಾದ್ದೇ. ಕೊಡುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಆಕ್ಷೇಪಣೆಯ ಗಡುವು ಮುಗಿಯುವವರೆಗೆ ನಾಳೆ ಬಾ ಎನ್ನುತ್ತಿದ್ದರು, ಅಷ್ಟೇ.

ಒಂದು ಸಂಜೆ ಭಾವ, ಹಾಲೇಶಿಯ ಅಂಗಡಿಗೆ ಹೋಗು ಎಂದು ಅಜ್ಜನ ಕಿವಿಯಲ್ಲಿ ಹೇಳಿ, ತಮ್ಮ ಸ್ವಂತ ಫೋನಿನಿಂದ, ಸ್ವಂತ ಇಮೇಲಿನಿಂದ, ಆ ನಕಾಶೆಯನ್ನು ಹಾಲೇಶಿಯ ವಿಳಾಸಕ್ಕೆ ಕಳಿಸಿದರು. ಜೊತೆಗೆ ಇಷ್ಟು ಬರೆದರು: ‘ಬೀರಪ್ಪಜ್ಜನಿಗೆ ಪ್ರಿಂಟ್ ಕೊಡು. ಹಳೆಯದರಲ್ಲಿ ಕಟ್ಟೆ ಇದೆ, ಹೊಸದರಲ್ಲಿ ಇಲ್ಲ. ನನ್ನ ಹೆಸರು ಬೇಡ.’

ಅಜ್ಜ ಆ ಪ್ರಿಂಟಿನ ಜೆರಾಕ್ಸ್ ಲಗತ್ತಿಸಿ, ಹಾಲೇಶಿಯಿಂದಲೇ ಟೈಪು ಮಾಡಿಸಿ ಇಮೇಲಿನಲ್ಲೂ ಕಳಿಸಿ, ಆಕ್ಷೇಪಣೆ ಕೊಟ್ಟ. ಇದನ್ನು ಯಾರು ಕೊಟ್ಟರು ಎಂದು ಕಚೇರಿಯಲ್ಲಿ ಮೆಲ್ಲಗೆ ಹುಡುಕಾಟ ಶುರುವಾಯಿತು. ಅಜ್ಜನನ್ನೂ ಕರೆಸಿ ಕೇಳಿದರಂತೆ. ಅವನೇನು ಹೇಳಿದನೋ, ಹುಡುಕಾಟ ಅಲ್ಲಿಗೆ ನಿಂತಿತು. ಭಾವ ನಿಶ್ಚಿಂತರಾಗಿ ಅಂಗಡಿಯ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಮನೆಗೆ ಬಂದದ್ದು ನನ್ನ ಡೈರಿಯಲ್ಲಿದೆ. ಅಂದು ಅವರು ಮಿರ್ಚಿಯನ್ನು ನನಗೊಂದು ಹೆಚ್ಚು ಕೊಟ್ಟಿದ್ದರು. ಕಾರಣ ಆಗ ತಿಳಿದಿರಲಿಲ್ಲ.

ಇದಕ್ಕೆ ಯಾವ ಸಂಬಂಧವೂ ಇಲ್ಲದ ಇನ್ನೊಂದು ಗುಡ್ಡದಲ್ಲಿ, ಇನ್ನೊಂದು ಗಾಳಿಯಂತ್ರದ ತಾಮ್ರದ ಕೇಬಲ್ ಕಳುವಾಯಿತು. ಚಿಗಟೇರಿಯ ಒಬ್ಬ ಯುವಕನ ಮೇಲೆ ಪೊಲೀಸರಿಗೆ ಅನುಮಾನ ಬಂತು. ಅವನು ಅಲ್ಲಿ ಕಾವಲುಗಾರನ ಕೆಲಸಕ್ಕೆ ಅರ್ಜಿ ಹಾಕಿದ್ದ. ಅರ್ಜಿಯಲ್ಲಿ ಹಾಲೇಶಿಯ ಇಮೇಲ್ ಇತ್ತು. ಹೀಗೆ ಒಬ್ಬ ಪೇದೆ ಹಾಲೇಶಿಯ ಅಂಗಡಿಗೆ ಬಂದ. ಯಾವ ಠಾಣೆಯವನು ಎಂದು ಬರೆಯುವುದಿಲ್ಲ. ಒಳ್ಳೆಯ ಮನುಷ್ಯನೇ ಅಂತೆ. ಕುರ್ಚಿ ಕೊಟ್ಟರೆ ಕೂತ, ಚಹಾ ಕೊಟ್ಟರೆ ಕುಡಿದ. ಆ ಯುವಕನ ಪತ್ರಗಳು ಬೇಕು ಎಂದ. ಅವನ ಕೈಯಲ್ಲಿ ಕಾಗದ ಇರಲಿಲ್ಲ. ಫೋನಿನಲ್ಲಿ ಏನನ್ನೋ ತೋರಿಸಿದ. ಹಾಲೇಶಿ ಅದನ್ನು ಓದಲಿಲ್ಲ. ಕಾಯುತ್ತಿದ್ದ ಗಿರಾಕಿಗಳ ಎದುರು ಪೊಲೀಸರನ್ನು ಕೂರಿಸಿಕೊಂಡಿರುವುದೇ ಅವನಿಗೆ ಸಂಕೋಚವಾಗಿತ್ತು. ಅದನ್ನು ಬೇಗ ಮುಗಿಸಲು ಅವನು ಆ ಯುವಕನ ಪತ್ರಗಳನ್ನಷ್ಟೇ ತೆಗೆದುಕೊಡುವ ಬದಲು ಇಡೀ ಪೆಟ್ಟಿಗೆಯ ಪಾಸ್‌ವರ್ಡನ್ನೇ ಹೇಳಿಬಿಟ್ಟ. ‘ನೋಡ್ಕಳ್ರಿ ಸರ್, ನಮ್ಮ ಅಂಗಡಿಯಾಗೆ ಮುಚ್ಚಿಡಾದೇನೈತಿ’ ಎಂದನಂತೆ.

ಅವನು ಹೇಳಿದ್ದು ನಿಜ. ಅವನು ಮುಚ್ಚಿಡಬೇಕಾದ್ದು ಏನೂ ಇರಲಿಲ್ಲ. ಇದ್ದದ್ದೆಲ್ಲ ಬೇರೆಯವರದು.

ಚಿಗಟೇರಿಯ ಯುವಕನ ಪತ್ರಗಳು ಎರಡು ಸಿಕ್ಕವು: ಅರ್ಜಿ ತಲುಪಿದೆ ಎಂದು ಒಂದು, ಕೆಲಸ ಇಲ್ಲ ಎಂದು ಇನ್ನೊಂದು. ಕದ್ದವರು ಬೇರೆಯೇ ಊರಿನವರೆಂದು ಆಮೇಲೆ ತಿಳಿಯಿತು, ಯುವಕನನ್ನು ಬಿಟ್ಟರು. ಆದರೆ ಅಷ್ಟರೊಳಗೆ ಪೆಟ್ಟಿಗೆ ಪೂರ್ತಿ ಠಾಣೆಯ ಕಂಪ್ಯೂಟರಿನಲ್ಲಿ ತೆರೆದು ಕೂತಿತ್ತು. ‘ಗಾಳಿಯಂತ್ರ’ ಎಂದು ಹುಡುಕಿದವರಿಗೆ ಬೀರಪ್ಪಜ್ಜನ ಆಕ್ಷೇಪಣೆ ಸಿಕ್ಕಿತು. ಅದರ ಹಿಂದೆಯೇ ಒಂದು ಸರ್ಕಾರಿ ನಕಾಶೆ, ಅದರ ಮೇಲೆ ಮೂರು ವಾಕ್ಯ. ಕಳ್ಳತನಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಯಾರೋ ಒಬ್ಬರು ಭಾವನ ಕಚೇರಿಗೆ ಒಂದು ಫೋನ್ ಮಾಡಿದರು, ಅಷ್ಟೇ. ಮರುವಾರ ಭಾವನಿಗೆ ಕಾರಣ ಕೇಳುವ ನೋಟಿಸು ಬಂತು.

ಆ ರಾತ್ರಿಯಿಂದ ನಾನು ಕಾನೂನು ಪುಸ್ತಕ ಹಿಡಿದು ಕೂತೆ. ಇಷ್ಟು ದಿನ ಅದನ್ನು ಪರೀಕ್ಷೆಗಾಗಿ ಓದಿದ್ದೆ. ಮನೆಯವರಿಗಾಗಿ ಓದುವುದು ಅದೇ ಮೊದಲು. ದೊಡ್ಡ ಮಾತುಗಳು ಅಲ್ಲಿ ಇದ್ದೇ ಇವೆ. ಖಾಸಗಿತನ ಮೂಲಭೂತ ಹಕ್ಕು ಎಂದು ದೇಶದ ಅತ್ಯುಚ್ಚ ನ್ಯಾಯಾಲಯ ಹೇಳಿದೆ. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ತಕ್ಕ ಉದ್ದೇಶವಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕಬೇಕು ಎಂದಿದೆ. ಆ ತೀರ್ಪಿನ ಭಾಗಗಳನ್ನು ಕಾಲೇಜಿನಲ್ಲಿ ಕಂಠಪಾಠ ಮಾಡಿ ನಾನು ಭಾಷಣಕ್ಕೆ ಸ್ಟೀಲಿನ ಲೋಟವೊಂದನ್ನು ಗೆದ್ದಿದ್ದೆ. ಭಾವ ಬೆಳಗಿನ ಚಹಾ ಕುಡಿಯುವುದು ಆ ಲೋಟದಲ್ಲೇ.

ಆ ತೀರ್ಪಿನಿಂದ ಇಳಿದು ಕೆಳಗಿನ ನಿಯಮಗಳಿಗೆ ಬಂದಂತೆಲ್ಲ ಬೆಳಕು ಕಡಿಮೆಯಾಗುತ್ತದೆ. ಇಮೇಲನ್ನು ಹಾದಿಯಲ್ಲೇ ತಡೆದು ಓದಬೇಕಾದರೆ ಗೃಹ ಇಲಾಖೆಯ ಕಾರ್ಯದರ್ಶಿಯ ಮಟ್ಟದವರು ಕಾರಣ ಬರೆದು ಆದೇಶ ಕೊಡಬೇಕು; ಆಮೇಲೆ ಒಂದು ಸಮಿತಿ ಅದನ್ನು ಪರಿಶೀಲಿಸಬೇಕು. ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ಯಾರ ಪತ್ರ ಓದಲಾಯಿತೋ ಅವರಿಗೆ ಅದನ್ನು ತಿಳಿಸಬೇಕೆಂಬ ನಿಯಮವನ್ನು ನಾನು ಹುಡುಕಿದೆ, ಸಿಗಲಿಲ್ಲ. ಬಂದು ಸೇರಿದ ಇಮೇಲಾದರೆ ದಾರಿ ಇನ್ನೂ ಸಲೀಸು. ತನಿಖೆಗೆ ಬೇಕಾದ ದಾಖಲೆಯನ್ನು ಹಾಜರುಪಡಿಸಿ ಎಂದು ಠಾಣೆಯ ಅಧಿಕಾರಿಯೇ ಲಿಖಿತ ಆದೇಶ ಕೊಡಬಹುದು. ಅಪರಾಧ ತನಿಖೆಯ ಹೊಸ ಸಂಹಿತೆಯ ಆ ಕಲಮಿಗೆ ಎಲೆಕ್ಟ್ರಾನಿಕ್ ಸಂವಹನ ಎಂಬ ಪದವನ್ನೂ ಸೇರಿಸಿದ್ದಾರೆ. ಅದರ ಪಕ್ಕದ ಕಲಮನ್ನು ಓದಿದಾಗ ನನಗೆ ಒಂದು ಕ್ಷಣ ನಗು ಬಂತು. ಅದು ಅಂಚೆಯವರ ವಶದಲ್ಲಿರುವ ಪತ್ರಗಳದ್ದು. ಅಂಥ ಪತ್ರ ಬೇಕಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರೋ ನ್ಯಾಯಾಲಯವೋ ಹೇಳಬೇಕು. ಪೊಲೀಸರು ನೇರ ಕೈ ಹಾಕುವಂತಿಲ್ಲ. ಗೋಡೆಗೆ ಗೋಡೆ ಕೂಡಿದ ಎರಡು ಮನೆಗಳಂತೆ ಅಕ್ಕಪಕ್ಕದಲ್ಲಿರುವ ಎರಡು ಕಲಮುಗಳು: ಒಂದರ ಹೊಸ್ತಿಲಲ್ಲಿ ನಿಂತು ಕೂಗಬೇಕು, ಇನ್ನೊಂದಕ್ಕೆ ಬಾಗಿಲೇ ಇಲ್ಲ. ಭಾವ ಆ ಮೂರು ವಾಕ್ಯಗಳನ್ನು ಇಮೇಲಿನ ಬದಲು ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಅಂಚೆಗೆ ಹಾಕಿದ್ದರೆ, ಹಾದಿಯಲ್ಲಿರುವಷ್ಟು ಹೊತ್ತಾದರೂ ಅವಕ್ಕೆ ಹೆಚ್ಚಿನ ಮರ್ಯಾದೆ ಸಿಗುತ್ತಿತ್ತು. ಈಚಿನ ಅಂಚೆ ಕಾಯ್ದೆ ಅದನ್ನೂ ತೆಳುಮಾಡಿದೆ ಎಂಬುದು ಬೇರೆ ಮಾತು. ನಾನು ನಗು ನಿಲ್ಲಿಸಿದ್ದು ಅದನ್ನು ಓದಿದ ಮೇಲೆ.

ಮಾರನೆಯ ದಿನ ಇದನ್ನೆಲ್ಲ ಒಂದು ಹಾಳೆಯಲ್ಲಿ ಒಪ್ಪವಾಗಿ ಬರೆದುಕೊಂಡು ನಮ್ಮ ಹಿರಿಯ ವಕೀಲರ ಮುಂದೆ ಇಟ್ಟೆ. ಇಡೀ ಪೆಟ್ಟಿಗೆ ತೆರೆದದ್ದು ತಪ್ಪು, ಬೇಕಾದಷ್ಟೇ ನೋಡಬೇಕಿತ್ತು, ಲಿಖಿತ ಆದೇಶ ಇರಲಿಲ್ಲ ಎಂದು ವಾದಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸುವುದು ಕೇಸು ಬಿದ್ದುಹೋದಾಗ.

‘ಆ ಇಮೇಲ್ ಯಾರದವ್ವಾ?’ ಎಂದರು.

ಹಾಲೇಶಿಯದು ಎಂದೆ.

‘ಹಾಲೇಶಿ ಏನಂದ?’

ನೋಡಿಕೊಳ್ಳಿ ಎಂದ.

‘ಮುಗೀತಲ್ಲ. ನೀ ಹೇಳೋ ಕಾನೂನು ಬಾಗಲಾ ಕಾಯಾಕ ಐತಿ. ಮನೀ ಮಾಲಕನೇ ಒಳಗ ಬರ್ರಿ ಅಂದ ಮ್ಯಾಲ ಅದು ಯಾರನ್ನ ತಡೀಬೇಕು?’

ಆದರೆ ಒಳಗೆ ಮಲಗಿದ್ದವರು ಬೇರೆಯವರಲ್ಲವೇ ಎಂದು ಕೇಳಿದೆ. ಅದನ್ನು ಕೇಳಬಹುದು, ಎಲ್ಲಿಯವರೆಗೆ ಬೇಕಾದರೂ ಒಯ್ಯಬಹುದು, ನಿಮ್ಮ ಭಾವನಿಗೆ ಅಷ್ಟು ವರ್ಷಗಳ ಸರ್ವಿಸ್ ಉಳಿದಿದೆಯೇ ಎಂದರು. ಇನ್ನೊಂದು ಮಾತನ್ನೂ ಮೆಲ್ಲಗೆ ಹೇಳಿದರು. ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಸಾಕ್ಷ್ಯ ಹೇಗೆ ಕೈಗೆ ಬಂತು ಎಂಬುದಕ್ಕಿಂತ, ಅದು ಪ್ರಸ್ತುತವೇ ಎಂಬುದನ್ನು ನೋಡುತ್ತವೆ. ಇಲಾಖೆಯ ವಿಚಾರಣೆಯಂತೂ ಅಷ್ಟನ್ನೂ ಕೇಳುವುದಿಲ್ಲ. ನಾನು ನನ್ನ ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಕೊಟ್ಟೂರಿನ ಬಸ್ಸು ಹತ್ತಿದೆ. ಆ ಸಂಜೆ ಭಾವ ಎಷ್ಟು ಮಂದಿಯನ್ನು ಬಿಡಿಸಿದೆ ಎಂದು ಕೇಳಲಿಲ್ಲ.

ನೋಟಿಸಿನಲ್ಲಿದ್ದ ಪ್ರಶ್ನೆಗಳಲ್ಲಿ ಕೊನೆಯದು ಇದು: ತಾವು ಮಾಡಿದ್ದು ತಪ್ಪಲ್ಲವೆಂದಾದರೆ ‘ನನ್ನ ಹೆಸರು ಬೇಡ’ ಎಂದು ಬರೆದದ್ದೇಕೆ? ನಾವಿಬ್ಬರೂ ಈ ಒಂದು ಪ್ರಶ್ನೆಯ ಮುಂದೆ ಎರಡು ಸಂಜೆ ಕೂತೆವು. ಉಳಿದವಕ್ಕೆ ಉತ್ತರ ಸುಲಭವಿತ್ತು. ಅರ್ಜಿ ಇಲ್ಲದೆ ಕೊಟ್ಟದ್ದು ಹೌದು, ಶುಲ್ಕ ತೆಗೆದುಕೊಳ್ಳದ್ದು ಹೌದು, ಲಾಭ ಪಡೆದದ್ದು ಇಲ್ಲ. ಆದರೆ ಇದಕ್ಕೆ ಏನು ಬರೆಯುವುದು? ಬಾಗಿಲು ಮುಚ್ಚಿ ಉಣ್ಣುವವನನ್ನು, ಕದ್ದ ಅನ್ನವಲ್ಲದಿದ್ದರೆ ಬಾಗಿಲನ್ನೇಕೆ ಮುಚ್ಚಿದೆ ಎಂದು ಕೇಳಿದ ಹಾಗಿತ್ತು ಅದು. ಭಾವ ಪೆನ್ನು ಹಿಡಿದು, ‘ಭಯವಿತ್ತು’ ಎಂದು ಬರೆದರು. ನಾನು ಬೇಡವೆಂದೆ; ಭಯವನ್ನು ಇಲಾಖೆಯವರು ತಪ್ಪೊಪ್ಪಿಗೆ ಎಂದೇ ಓದುತ್ತಾರೆ ಎಂದೆ. ಅದನ್ನು ಹೊಡೆದುಹಾಕಿ, ನಾನು ಹೇಳಿಕೊಟ್ಟ ನಾಲ್ಕು ಸಾಲಿನ ಸಂಸ್ಕೃತಭೂಯಿಷ್ಠವಾದ ಒಂದು ವಾಕ್ಯ ಬರೆದರು. ಇಲಾಖೆಯವರು ಅದನ್ನೂ ತಪ್ಪೊಪ್ಪಿಗೆ ಎಂದೇ ಓದಿದರು. ವಿಚಾರಣೆ ಮುಗಿಯುವವರೆಗೆ ಅಮಾನತು ಎಂದು ಆದೇಶವಾಯಿತು.

ಆದೇಶವಾದ ಮೇಲೆ, ನಕಾಶೆಯ ವಿಷಯದಲ್ಲಿ ಭಾವನ ಹೇಳಿಕೆ ತೆಗೆದುಕೊಳ್ಳಲೆಂದು ಅದೇ ಪೇದೆ ನಮ್ಮ ಮನೆಗೆ ಬಂದ. ನಾನು ಒಳಗಿದ್ದೆ. ಪರದೆಯ ಕೆಳಗಿನಿಂದ ಅವನ ಪಾದಗಳು ಕಂಡವು. ಬೂಟು ಬಿಚ್ಚಿ ಗೋಡೆಯ ಬದಿಗೆ ಜೋಡಿಸಿಟ್ಟ. ಪರದೆಯನ್ನು ಮುಟ್ಟಲಿಲ್ಲ. ಗಂಟಲು ಸರಿಮಾಡಿಕೊಂಡು, ‘ಅಕ್ಕಾರ, ಮನ್ಯಾಗ ಅದಾರೇನ್ರಿ?’ ಎಂದು ಕೂಗಿ ನಿಂತ. ಎಷ್ಟು ಮರ್ಯಾದೆಯ ಕೂಗು ಅದು. ನನ್ನ ವರ್ಗೀಕರಣದಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡಬೇಕಿತ್ತು. ನಮ್ಮೆಲ್ಲರ ಪತ್ರಗಳನ್ನೂ, ಬಹುಶಃ ನನ್ನ ಪರೀಕ್ಷೆಯ ಅಂಕಗಳನ್ನೂ ಓದಿ ಮುಗಿಸಿದ ಮನುಷ್ಯ, ಅಕ್ಕ ಸೆರಗು ಸರಿಮಾಡಿಕೊಳ್ಳಲೆಂದು ಹೊರಗೆ ಕಾಯುತ್ತಿದ್ದ. ಅಕ್ಕನ ಬಾಯಿಂದ, ಹುಟ್ಟಿದಂದಿನಿಂದ ಬಂದ ರೂಢಿಯಿಂದ, ‘ಬರ್ರಿ’ ಎಂಬ ಮಾತು ಹೊರಟೇಹೋಯಿತು. ಆಮೇಲೆ ಆಕೆ ಅಡುಗೆಮನೆಯಲ್ಲಿ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಅಂದಿನಿಂದ ನಮ್ಮ ಬಾಗಿಲು ಹಗಲಲ್ಲೂ ಚಿಲಕ ಹಾಕಿರುತ್ತದೆ. ಓಣಿಯಲ್ಲಿ ನಮ್ಮದೊಂದೇ ಅಲ್ಲ. ಪೆಟ್ಟಿಗೆ ತೆರೆದ ಸುದ್ದಿ ಸಂತೆಯಲ್ಲಿ ಹರಡಿದ ಮೇಲೆ ಯಾರ್ಯಾರ ಮನೆಯಲ್ಲಿ ಏನೇನಾಯಿತೋ ನನಗೆ ಗೊತ್ತಿಲ್ಲ. ಗಂಡನ ಮೇಲೆ ದೂರು ಬರೆದಿದ್ದಾಕೆ ಈಗ ಎಲ್ಲಿದ್ದಾಳೆಂದು ಕೇಳಲು ನನಗೆ ಧೈರ್ಯವಿಲ್ಲ. ಹಾಲೇಶಿ ಒಮ್ಮೆ ಮನೆಗೆ ಬಂದ. ಎಂದೂ ದೂರದಿಂದಲೇ ಕೂಗಿಕೊಂಡು ಬರುತ್ತಿದ್ದವನು, ಕೂಗುವ ಸಲಿಗೆ ಕಳೆದುಕೊಂಡವನಂತೆ ಅಂದು ಕರೆಗಂಟೆ ಒತ್ತಿದ. ಆ ವಿಕಾರ ಸ್ವರ ಮನೆಯಲ್ಲೆಲ್ಲ ಕೇಳಿಸಿತು. ಬಾಗಿಲು ತೆಗೆದ ಕೂಡಲೇ, ನನ್ನ ಹೆಸರಿನಲ್ಲಿ ಬೇರೆ ಇಮೇಲ್ ತೆರೆದು ಪಾಸ್‌ವರ್ಡ್ ಬರೆದ ಚೀಟಿಯೊಂದನ್ನು ಕೈಗಿಟ್ಟು ಹೋದ. ನಾನು ಅದನ್ನು ಇನ್ನೂ ತೆರೆದು ನೋಡಿಲ್ಲ.

ನನ್ನ ಡೈರಿಯಲ್ಲೂ ಒಂದು ಬದಲಾವಣೆಯಾಗಿದೆ. ಹಿಂದೆ ಯಾರು ಬಂದರು, ಏನಂದರು, ಯಾರು ಯಾರ ಮೇಲೆ ಸಿಟ್ಟಾದರು ಎಂದು ಹೆಸರು ಹಿಡಿದು ಬರೆಯುತ್ತಿದ್ದೆ. ಈಗ ಬರೆಯುವಾಗ, ನನ್ನ ಬೆನ್ನ ಹಿಂದೆ ನಿಂತು ಓದುವ ಅಪರಿಚಿತನೊಬ್ಬನಿಗೆ ಇದು ಹೇಗೆ ಕಾಣಬಹುದು ಎಂದು ಯೋಚಿಸುತ್ತೇನೆ. ಮೊದಲು ಹೆಸರುಗಳ ಬದಲು ಅಕ್ಷರಗಳು ಬಂದವು, ಆಮೇಲೆ ಅಕ್ಷರಗಳೂ ಹೋದವು. ತಾರೀಕುಗಳು ಮಾತ್ರ ಮೊದಲಿನಷ್ಟೇ ನಿಖರವಾಗಿವೆ. ಇಮೇಲೂ ಅಲ್ಲದ, ಕಬ್ಬಿಣದ ಟ್ರಂಕಿನಲ್ಲಿರುವ ಒಂದು ನೋಟುಬುಕ್ಕಿಗೆ ಹೆದರುವುದು ಹಾಸ್ಯಾಸ್ಪದವೇ. ಆದರೆ ಮನೆಯಲ್ಲಿ ಮೂರು ಜನರೂ ಈಗ ಹೀಗೆಯೇ ಮಾತಾಡುತ್ತೇವೆ, ಯಾರೋ ಕೇಳುತ್ತಿರುವ ಹಾಗೆ.

ಮೊನ್ನೆ ಮಧ್ಯಾಹ್ನ ಬಾಗಿಲಾಚೆ ಒಂದು ಕೂಗು ಕೇಳಿಸಿತು. ‘ಮನ್ಯಾಗ ಯಾರದೀರ್ರಿ, ಯವ್ವಾ?’ ಬೀರಪ್ಪಜ್ಜನ ದನಿ. ಅಕ್ಕನ ಕೈಯಲ್ಲಿ ಜೋಳದ ಹಿಟ್ಟಿತ್ತು. ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ನನ್ನ ಪುಸ್ತಕದಿಂದ ತಲೆ ಎತ್ತಿದೆ. ಮೂವರಲ್ಲಿ ಯಾರೂ ‘ಬರ್ರಿ’ ಎನ್ನಲಿಲ್ಲ. ಅವನ ಜೊತೆ ಯಾರಿದ್ದಾರೋ, ಯಾರು ನೋಡುತ್ತಿದ್ದಾರೋ, ಅವನು ಬಂದದ್ದು ನಾಳೆ ಯಾವ ನೋಟಿಸಿನ ಪ್ರಶ್ನೆಯಾಗುತ್ತದೋ. ಅಜ್ಜ ಮತ್ತೆ ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ, ಹೋಗಲೂ ಇಲ್ಲ. ಕೋಲನ್ನು ಗೋಡೆಗೆ ಒರಗಿಸಿದ ಸದ್ದಾಯಿತು. ಜಗಲಿಯ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿದ ಬಾಗಿಲಿಗೆ ಹೇಳತೊಡಗಿದ.

‘ಯಪ್ಪಾ, ನಕಾಶಿ ಹಿಂದಕ ತಂದೀನ್ರಿ. ಮಡಚಿಲ್ಲ ನೋಡ್ರಿ, ಬೋರಿನ ಪೈಪಿನ ತುಂಡಿನ್ಯಾಗ ಇಟ್ಟಿದ್ದೆ, ಮಳಿ ಹನಿ ಸೈತ ತಾಗಿಲ್ಲ. ಇದನ್ನ ಆಫೀಸ್ನ್ಯಾಗ ಹಿಂದಕ ಕೊಟ್ಬಿಡ್ರಿ. ಕೊಟ್ರ ನಿಮ್ ನೌಕ್ರಿ ಹಿಂದಕ ಕೊಡ್ತಾರ.’

ಪ್ರಿಂಟು ಎಂದರೆ ಹಿಂದಕ್ಕೆ ಕೊಟ್ಟರೂ ಹಿಂದಕ್ಕೆ ಹೋಗದ ವಸ್ತು ಎಂದು ಅಜ್ಜನಿಗೆ ಯಾರು ಹೇಳಬೇಕು? ಅವನ ಲೋಕದಲ್ಲಿ ತಪ್ಪಿಸಿಕೊಂಡು ಬೇರೆ ಹಿಂಡಿಗೆ ಸೇರಿದ ಕುರಿಯನ್ನು ಹೊಡೆದುಕೊಂಡು ಬಂದು ಒಪ್ಪಿಸಿದರೆ ಮಾತು ಮುಗಿಯುತ್ತದೆ. ಆಕ್ಷೇಪಣೆಯ ಕಥೆ ಏನಾಯಿತೆಂದು ಅವನು ಕೇಳಲಿಲ್ಲ, ಕಟ್ಟೆಯ ಮಾತೆತ್ತಲಿಲ್ಲ. ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ.

‘ನಿಮ್ ಹೆಸರು ನಾ ಯಾರಿಗೂ ಹೇಳಿಲ್ಲರಿ. ಆಫೀಸ್ನೋರು ಕೇಳಿದ್ರು, ಯಾರು ಕೊಟ್ರು ಅಂತ. ಹಾದ್ಯಾಗ ಸಿಕ್ತು ಅಂದೆ. ಇವತ್ತಿಗೂ ಹೇಳಿಲ್ಲ.’

ಭಾವನ ಅಮಾನತಿನ ಆದೇಶದ ಪ್ರತಿ ಗೋಡೆಯ ಮೊಳೆಗೆ ತೂಗುತ್ತಿತ್ತು. ಅದರಲ್ಲಿ ಅವರ ಹೆಸರು, ಹುದ್ದೆ, ಇಮೇಲ್ ವಿಳಾಸ, ಮೂರೂ ವಾಕ್ಯಗಳು ಅಚ್ಚಾಗಿದ್ದವು. ಜಿಲ್ಲೆಯ ಎಲ್ಲ ಕಚೇರಿಗಳಿಗೂ ಅದರ ಪ್ರತಿ ಹೋಗಿತ್ತು. ಹೊರಗೆ ಕೂತ ಮನುಷ್ಯ ಮಾತ್ರ ಆ ಹೆಸರನ್ನು ಇನ್ನೂ ಕಾಯುತ್ತಿದ್ದ.

ಭಾವ ಎದ್ದರು. ಮೊಳೆಗೆ ಸಿಕ್ಕಿಸಿದ್ದ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ಚಿಲಕ ತೆಗೆದು, ಪರದೆ ಸರಿಸಿ, ‘ಬರ್ರಿ ಅಜ್ಜಾ’ ಎಂದರು.

ಅಜ್ಜ ಕಂಬಳಿ ಕೊಡವಿ ಎದ್ದು ನಿಂತ. ಹೊಸ್ತಿಲ ಹತ್ತಿರ ಬಂದವನು, ಕರೆದದ್ದು ತನ್ನನ್ನೇ ಹೌದೋ ಎಂದು ಅನುಮಾನವಾದವನಂತೆ, ‘ಒಳಗ ಬರ್ಲೇನ್ರಿ?’ ಎಂದು ಇನ್ನೊಮ್ಮೆ ಕೇಳಿದ.

ಆ ರಾತ್ರಿ ಡೈರಿಯಲ್ಲಿ ತಾರೀಕು ಹಾಕಿ, ಹೆಸರಿಲ್ಲದೆ, ಒಂದೇ ಸಾಲು ಬರೆದೆ: ಒಬ್ಬರು ಬಂದಿದ್ದರು, ಕೂಗಿದರು, ಕಾದರು, ಕೇಳಿ ಒಳಗೆ ಬಂದರು.